ಉದ್ದನೆಯ ಪಾಸ್‌ವರ್ಡೂ ಸ್ತಬ್ಧವಾದ ಸರ್ವರೂ

ಹೈದರಾಬಾದಿನ ಮಾದಾಪುರದಲ್ಲಿ 1998ರಲ್ಲಿ ಸೈಬರ್ ಟವರ್ಸ್ ಎಂಬ ಸೌಧವು ಉದ್ಘಾಟನೆಗೊಂಡ ಬಳಿಕ, ಗಣಕಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಕಾರ್ಯವೇ ಆ ನಗರದ ಅಸಂಖ್ಯ ಜನರ ಜೀವನವೃತ್ತಿಯಾಯಿತು. 1956ರವರೆಗೆ ಹೈದರಾಬಾದನ್ನೇ ರಾಜಧಾನಿಯಾಗಿ ಹೊಂದಿದ್ದ ಬೀದರು, ಕಲಬುರಗಿ, ರಾಯಚೂರು ಸೀಮೆಗಳ ಕನ್ನಡಿಗರೂ ಅವರಲ್ಲಿದ್ದಾರೆ. ಸರ್ವರುಗಳಿಗೆ ಪ್ಯಾಚ್ ಹಾಕುವುದು, ಎಂದರೆ ತಂತ್ರಾಂಶದ ದೋಷವನ್ನು ತಿದ್ದುವ ಕೋಡನ್ನು ಅಳವಡಿಸುವುದು, ಅವರ ನಿತ್ಯಕರ್ಮಗಳಲ್ಲೊಂದು. ಅದರ ಹಿಂದೆ ಎಂತಹ ಸೂಕ್ಷ್ಮ ವಿಚಾರ ಅಡಗಿರಬಲ್ಲದೆಂಬುದಕ್ಕೆ, ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟುವವರು ಲೋಕದಾದ್ಯಂತ ಬಳಸುವ ಜ್ಯಾಂಗೋ ಎಂಬ ತಂತ್ರಾಂಶದಲ್ಲಿ 2013ರಲ್ಲಿ ಕಂಡುಬಂದ ದೋಷವು ಉತ್ತಮ ನಿದರ್ಶನ.

ಸುಭದ್ರವಾದ ಸರ್ವರು ನಮ್ಮ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಹ್ಯಾಶ್ ಎಂಬ ಗಣಿತಕ್ರಿಯೆಗೆ ಒಳಪಡಿಸಿ ಬಂದ ಫಲವನ್ನು ಮಾತ್ರ ಕಾದಿರಿಸುತ್ತದೆ. ಲಾಗಿನ್ ಆಗಲು ಬಂದವನು ಕೊಟ್ಟ ಪಾಸ್‌ವರ್ಡಿಗೂ ಅದೇ ಕ್ರಿಯೆಯನ್ನು ನಡೆಸಿ ಎರಡನ್ನೂ ಹೋಲಿಸುತ್ತದೆ. ಜ್ಯಾಂಗೋ ಆಗ ಇದನ್ನು 10,000 ಸಲ ಆವರ್ತಿಸುತ್ತಿದ್ದಿತು. ಈ ವಿಳಂಬವು ಬುದ್ಧಿಪೂರ್ವಕವಾದುದು: ದತ್ತಾಂಶವನ್ನು ಕದ್ದೊಯ್ದವನು ಕೋಟ್ಯಂತರ ಊಹೆಗಳನ್ನು ಪರೀಕ್ಷಿಸಹೊರಟರೆ, ಪ್ರತಿಯೊಂದು ಊಹೆಗೂ ಅವನು ಅಷ್ಟೇ ಶ್ರಮಪಡಬೇಕಾಗುತ್ತದೆ.

ಆದರೆ ಪಾಸ್‌ವರ್ಡು ಎಷ್ಟು ಉದ್ದವಿರಬಹುದೆಂಬುದಕ್ಕೆ ಅಲ್ಲಿ ಮಿತಿಯಿರಲಿಲ್ಲ. 64 ಬೈಟುಗಳಿಗಿಂತ ಉದ್ದವಾದ ಪಾಸ್‌ವರ್ಡನ್ನು ಮೊದಲು 32 ಬೈಟುಗಳಿಗೆ ಸಂಕ್ಷೇಪಿಸಿಕೊಳ್ಳಬೇಕೆಂಬುದು ಈ ವಿಧಾನದ ನಿಯಮ. ಜ್ಯಾಂಗೋ ಆ ಸಂಕ್ಷೇಪವನ್ನು ಒಮ್ಮೆ ಮಾಡಿಟ್ಟುಕೊಳ್ಳದೆ, ಹತ್ತು ಸಾವಿರ ಪ್ರತಿಗಳಿಗೆ ಮುದ್ರೆಯೊತ್ತುವ ಗುಮಾಸ್ತನು ಪ್ರತಿ ಮುದ್ರೆಗೂ ಮುನ್ನ ಮೂಲಪತ್ರವನ್ನು ಆದ್ಯಂತವಾಗಿ ಓದಿದಂತೆ, ಆವರ್ತನೆ ಆವರ್ತನೆಗೂ ಹೊಸದಾಗಿ ಮಾಡುತ್ತಿದ್ದಿತು. ಹತ್ತು ಲಕ್ಷ ಅಕ್ಷರಗಳ ಪಾಸ್‌ವರ್ಡೊಂದು ಬಂದರೆ ಸರ್ವರು ಓದಬೇಕಾದುದು ಸಾವಿರ ಕೋಟಿ ಅಕ್ಷರ. ಅದಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತಿದ್ದಿತು. ಪಾಸ್‌ವರ್ಡು ಸರಿಯಾದುದೇ ಆಗಬೇಕೆಂದೂ ಇಲ್ಲ, ತಪ್ಪೆಂದು ತಿಳಿಯುವಷ್ಟರಲ್ಲಿ ನಿಮಿಷ ಕಳೆದಿರುತ್ತದೆ. ನಾಲ್ಕು ಪ್ರಕ್ರಿಯೆಗಳಿಂದ ಕೆಲಸ ನಡೆಸುವ ಸಣ್ಣ ಸರ್ವರನ್ನು ಇಂತಹ ನಾಲ್ಕೇ ಕೋರಿಕೆಗಳು ಸ್ತಬ್ಧಗೊಳಿಸಿ, ಪರೀಕ್ಷೆಯ ಫಲಿತಾಂಶಕ್ಕಾಗಿ ಕಾದು ಕುಳಿತ ವಿದ್ಯಾರ್ಥಿಯನ್ನು ಹೊರಗೇ ನಿಲ್ಲಿಸಬಲ್ಲವು. ಸೇವಾನಿರಾಕರಣದ ದಾಳಿಯೆಂದರೆ ಇದೇ. ಏನೂ ಕಳವಾಗುವುದಿಲ್ಲವೆಂದು ಇದನ್ನು ಸಣ್ಣ ಅಪರಾಧವೆಂದೆಣಿಸುವುದು ಸಲ್ಲದು.

ಸೆಪ್ಟೆಂಬರಿನಲ್ಲಿ ಬಂದ ಪ್ಯಾಚು 4,096 ಬೈಟುಗಳನ್ನು ಮೀರಿದ ಪಾಸ್‌ವರ್ಡನ್ನು ತಿರಸ್ಕರಿಸಿತು. ತುರ್ತಿನ ಘಳಿಗೆಗೆ ಅದು ಯುಕ್ತವೇ ಆದರೂ, ನನ್ನ ಮೆಚ್ಚುಗೆ ಸಲ್ಲುವುದು ಅಕ್ಟೋಬರಿನ ಪರಿಷ್ಕರಣಕ್ಕೆ: ಮಿತಿಯನ್ನು ತೆಗೆದುಹಾಕಿ, ಸಂಕ್ಷೇಪವನ್ನು ಆರಂಭದಲ್ಲಿ ಒಮ್ಮೆ ಮಾತ್ರ ಮಾಡಿಕೊಂಡು, ಉಳಿದ ಆವರ್ತನೆಗಳಿಗೆಲ್ಲ ಅದನ್ನೇ ಬಳಸುವ ಏರ್ಪಾಡು ಅದು. ಅಂತಿಮ ಫಲದಲ್ಲಿ ಒಂದು ಬಿಟ್ಟಿನಷ್ಟೂ ವ್ಯತ್ಯಾಸವಾಗದ ಕಾರಣ ಹಳೆಯ ಹ್ಯಾಶುಗಳೆಲ್ಲ ಸಿಂಧುವಾಗಿಯೇ ಉಳಿದವು; ಯಾರೊಬ್ಬರೂ ಪಾಸ್‌ವರ್ಡು ಬದಲಿಸಬೇಕಾಗಲಿಲ್ಲ, 10,000 ಆವರ್ತನೆಗಳ ರಕ್ಷಣೆಯೂ ಕುಂದಲಿಲ್ಲ.

ಪ್ಯಾಚ್ ಹೊರಬಂದ ಮಾತ್ರಕ್ಕೆ ಸರ್ವರು ಸುರಕ್ಷಿತವಾಗದು. ಹೊಸ ಆವೃತ್ತಿಯನ್ನು ಹಾಕಿದ ಮೇಲೂ, ಓಡುತ್ತಿರುವ ಪ್ರಕ್ರಿಯೆಗಳು ಮೆಮೊರಿಯಲ್ಲಿರುವ ಹಳೆಯ ಕೋಡನ್ನೇ ಅನುಸರಿಸುತ್ತಿರುವುದರಿಂದ, ಅವನ್ನು ರೀಸ್ಟಾರ್ಟ್ ಮಾಡಲೇಬೇಕು. ಇದಕ್ಕೆ ದಟ್ಟಣೆ ಕಡಿಮೆಯಿರುವ ರಾತ್ರಿ ಪ್ರಶಸ್ತ. ಅಮೆರಿಕದ ಗಿರಾಕಿಯ ಸರ್ವರಾದರೆ ಅಲ್ಲಿಯ ರಾತ್ರಿಯು ಮಾದಾಪುರದ ಹಗಲಾಗಿರುತ್ತದೆ. ಕೋರಿಕೆಗಳನ್ನು ಮೊದಲು ಬರಮಾಡಿಕೊಳ್ಳಲೆಂದು ಮುಂಭಾಗದಲ್ಲಿ ನಿಲ್ಲಿಸಿದ ಎಂಜಿನ್‌ಎಕ್ಸ್ ಎಂಬ ತಂತ್ರಾಂಶವು, ಬೇರೆ ಆಜ್ಞೆಯಿಲ್ಲದಿದ್ದರೆ, 1 ಮೆಗಾಬೈಟಿನವರೆಗಿನ ಕೋರಿಕೆಗಳನ್ನು ಒಳಬಿಡುವುದರಿಂದ, ಲಾಗಿನ್ ಪುಟದ ಮಟ್ಟಿಗೆ ಆ ಮಿತಿಯನ್ನು ಕೆಲವೇ ಕಿಲೋಬೈಟುಗಳಿಗೆ ಇಳಿಸುವುದು ಲೇಸು. ಆ ಮಿತಿಯನ್ನು ಇಳಿಸುವ ಮುನ್ನವೇ, ಪ್ಯಾಚ್ ಹಾಕಿದ ಪರೀಕ್ಷಾ ಸರ್ವರಿಗೆ ಉದ್ದನೆಯ ಪಾಸ್‌ವರ್ಡೊಂದನ್ನು ತಾವೇ ಕಳುಹಿಸಿ, ಉತ್ತರ ಬರಲು ಹಿಡಿದ ಕಾಲವನ್ನು ಅಳೆದು ನೋಡಬೇಕು.