ನೀರಿನಲ್ಲಿ ಅಳಿಯದ ಫ್ಲೋರೀನ್ ಸಂಯುಕ್ತಗಳು: ಅವನ್ನು ಅಳೆಯುವ ಒಂದು ವಿಧಾನ

ಇಂಗಾಲ ಮತ್ತು ಫ್ಲೋರೀನ್ ಪರಮಾಣುಗಳ ಬಂಧವು ಸಾವಯವ ರಸಾಯನದ ಅತ್ಯಂತ ದೃಢವಾದ ಬಂಧಗಳಲ್ಲೊಂದು. ಈ ದೃಢತೆಯಿಂದಲೇ ಅಡುಗೆ ಅಂಟದ ಬಾಣಲೆ, ನೀರು ಹೀರದ ಬಟ್ಟೆ, ತೈಲದ ಬೆಂಕಿಯನ್ನು ನಂದಿಸುವ ನೊರೆ ಮೊದಲಾದವು ಸಾಧ್ಯವಾದುವು. ಆದರೆ ಬಳಕೆಯಲ್ಲಿ ಗುಣವಾದುದೇ ನಿಸರ್ಗದಲ್ಲಿ ದೋಷವಾಯಿತು. ಪಿಎಫ್‌ಎಎಸ್ ಎಂಬ ಈ ವರ್ಗದ ಅನೇಕ ಸಂಯುಕ್ತಗಳು ಬಿಸಿಲಿಗೂ ಸೂಕ್ಷ್ಮಜೀವಿಗಳಿಗೂ ಜಗ್ಗದೆ ನೀರಿನಲ್ಲಿ ಉಳಿಯುತ್ತವೆ. ಅಮೆರಿಕದ ಓಹಾಯೋ ನದೀತೀರದಲ್ಲಿ ಇವುಗಳಲ್ಲೊಂದಾದ ಪಿಎಫ್‌ಒಎ ಕುಡಿಯುವ ನೀರಿಗೆ ಸೇರಿದ ಕಾರಣ, 2005-06ರಲ್ಲಿ ಸುಮಾರು 69,000 ಜನರ ಆರೋಗ್ಯದ ವಿವರಗಳನ್ನು ಸಂಗ್ರಹಿಸಲಾಯಿತು. ಮೂತ್ರಪಿಂಡದ ಕ್ಯಾನ್ಸರ್ ಸೇರಿದಂತೆ ಆರು ರೋಗಗಳೊಡನೆ ಅದಕ್ಕೆ ಸಂಬಂಧವಿರುವುದು ಸಂಭವನೀಯವೆಂದು ವಿಜ್ಞಾನಿಗಳ ಮಂಡಲಿಯೊಂದು 2012ರ ವೇಳೆಗೆ ನಿರ್ಣಯಿಸಿತು. 2024ರಲ್ಲಿ ಆ ದೇಶವು ಕುಡಿಯುವ ನೀರಿನಲ್ಲಿ ಇದಕ್ಕೆ ವಿಧಿಸಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಇಷ್ಟು ಅಲ್ಪವಾದುದನ್ನು ಅಳೆಯುವ ಬಗೆ ಹೇಗೆ? ಒಂದು ದಿನ ಸೀಸೆಯಲ್ಲಿ ನೀರನ್ನು ತುಂಬಿ ತಂದು ಪರೀಕ್ಷಿಸುವುದು ರೂಢಿ. ಅದು ಆ ಕ್ಷಣದ ಸಂಗತಿಯನ್ನು ಮಾತ್ರ ತಿಳಿಸುತ್ತದೆ. ಹಿಂದಿನ ರಾತ್ರಿ ಹೊಳೆಗೆ ಏನು ಹರಿಯಿತೆಂಬುದು ಅದಕ್ಕೆ ಗೊತ್ತಿಲ್ಲ. ನಮ್ಮ ಬ್ಯಾಂಕುಗಳಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ಮೊದಲು ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಲೆಕ್ಕ ಹಾಕುತ್ತಿದ್ದರು. 2010ರ ಏಪ್ರಿಲ್ 1ರಿಂದ ದಿನದಿನದ ಶಿಲ್ಕನ್ನು ಗಣನೆಗೆ ತೆಗೆದುಕೊಳ್ಳಲಾಯಿತು. ನೀರಿನ ಲೆಕ್ಕದಲ್ಲಿ ಅಂತಹ ದಿನವಹಿ ಗಣನೆಯನ್ನು ಸಾಧಿಸುವುದೇ ನಿಷ್ಕ್ರಿಯ ಸಂಗ್ರಹ ವಿಧಾನ.

ಇದರ ಉಪಕರಣಕ್ಕೆ ಪಂಪಾಗಲಿ ವಿದ್ಯುತ್ತಾಗಲಿ ಬೇಡ. ಎರಡು ತೆಳುಪೊರೆಗಳ ನಡುವೆ ಹೀರುಪುಡಿಯನ್ನಿಟ್ಟು ಬಿಲ್ಲೆಯಂತೆ ಬಿಗಿದು, ಕೆಲವು ವಾರ ನೀರಿನಲ್ಲಿ ತೂಗಬಿಡುತ್ತಾರೆ. ಸಂಯುಕ್ತಗಳು ತಾವಾಗಿಯೇ ಪೊರೆಯನ್ನು ದಾಟಿ ಪುಡಿಗೆ ಅಂಟುತ್ತವೆ. ಈ ವರ್ಗದ ಆಮ್ಲಗಳು ನೀರಿನಲ್ಲಿ ಋಣವಿದ್ಯುತ್ತಿನ ಅಯಾನುಗಳಾಗಿರುವುದರಿಂದ, ಕೊಬ್ಬಿನಲ್ಲಿ ಕರಗುವ ವಿಷಗಳಿಗಾಗಿ ರಚಿಸಿದ ಹಳೆಯ ಉಪಕರಣಗಳು ಇವಕ್ಕೆ ಒಗ್ಗುವುದಿಲ್ಲ. ಅಂತಹ ಅಯಾನುಗಳನ್ನು ಹಿಡಿಯಬಲ್ಲ ರಾಳವೇ ಬೇಕು.

ಲೆಕ್ಕ ಸರಳವಾಗಿ ತೋರುತ್ತದೆ. ಉಪಕರಣವು ದಿನಕ್ಕೆ 0.2 ಲೀಟರಿನಷ್ಟು ನೀರನ್ನು ಶೋಧಿಸುವುದಕ್ಕೆ ಸಮವಾಗಿ ಹೀರುವುದಾದರೆ, 30 ದಿನಕ್ಕೆ 6 ಲೀಟರು. 24 ನ್ಯಾನೋಗ್ರಾಂ ದೊರೆತರೆ ಸರಾಸರಿ ಲೀಟರಿಗೆ 4. ಆದರೆ ಹೀರುವ ದರವು ನಿಜವಾಗಿ 0.1 ಆಗಿದ್ದರೆ, ಅದೇ 24 ನ್ಯಾನೋಗ್ರಾಂ ಲೀಟರಿಗೆ 8ನ್ನು ಸೂಚಿಸುತ್ತದೆ. ಆ ನೀರು ಮಿತಿಯೊಳಗಿದೆಯೋ ಅದರ ಇಮ್ಮಡಿಯಾಗಿದೆಯೋ ಎಂಬ ತೀರ್ಪು ಈ ಒಂದು ದರವನ್ನು ಅವಲಂಬಿಸಿದೆ.

ಇಲ್ಲಿಯೇ ಸಂಶೋಧಕರ ಮುಖ್ಯ ಶ್ರಮವಿರುವುದು. ನೀರಿನ ವೇಗ ಹೆಚ್ಚಿದಂತೆ ಪೊರೆಗೆ ಹತ್ತಿಕೊಂಡ ನಿಶ್ಚಲ ಜಲಸ್ತರವು ತೆಳುವಾಗಿ ದರ ಏರುತ್ತದೆ. ಡೇವಿಸನ್ ಮತ್ತು ಝಾಂಗ್ ಅವರು 1994ರಲ್ಲಿ ಲೋಹಗಳಿಗಾಗಿ ಪ್ರಕಟಿಸಿದ ವಿಧಾನದಲ್ಲಿ ಹೀರುಪದಾರ್ಥದ ಮುಂದೆ ದಪ್ಪನಾದ ಜೆಲ್ ಪದರವಿರುವುದರಿಂದ ಪ್ರವಾಹದ ಪ್ರಭಾವ ತಗ್ಗುತ್ತದೆ. ಅದನ್ನೇ ಈಗ ಫ್ಲೋರೀನ್ ಸಂಯುಕ್ತಗಳಿಗೂ ಅಳವಡಿಸುತ್ತಿದ್ದಾರೆ. ನೀಳಸರಪಳಿಯ ಅಣುಗಳು ಪೊರೆಯಲ್ಲಿಯೇ ತಡೆದು ನಿಲ್ಲಬಹುದು. ಕಿರುಸರಪಳಿಯವು ಪುಡಿಯಲ್ಲಿ ಬೇಗ ಸಮಸ್ಥಿತಿಗೆ ಬರಬಹುದು. ಆದಕಾರಣ ಪ್ರತಿಯೊಂದು ಸಂಯುಕ್ತಕ್ಕೂ ದರವನ್ನು ಬೇರೆಯಾಗಿಯೇ ಪ್ರಯೋಗದಿಂದ ಗೊತ್ತುಮಾಡಬೇಕು. ಉಪಕರಣದಲ್ಲಿ ಟೆಫ್ಲಾನ್ ಭಾಗಗಳನ್ನು ವರ್ಜಿಸಬೇಕು. ನೀರಿಗಿಳಿಸದ ಬಿಲ್ಲೆಯೊಂದನ್ನು ಜೊತೆಗೇ ಪರೀಕ್ಷಿಸಬೇಕು.

ಸರಾಸರಿಯು ಒಂದು ದಿನದ ಏರಿಕೆಯನ್ನು ಪ್ರತ್ಯೇಕವಾಗಿ ತೋರಿಸದು. ಆದುದರಿಂದ ಸೀಸೆಯ ಪರೀಕ್ಷೆಯನ್ನು ಕೈಬಿಡುವಂತಿಲ್ಲ. ಯಾವುದೇ ಊರಿನ ನೀರಿನ ವರದಿಯಲ್ಲಿ ಇಂತಹ ಅಂಕಿಯನ್ನು ಕಂಡಾಗ, ಅದನ್ನು ಯಾವ ಹೀರುದರದಿಂದ ಪಡೆದರು, ಆ ದರವನ್ನು ಎಂತಹ ನೀರಿನಲ್ಲಿ ಗೊತ್ತುಮಾಡಿದರು ಎಂದು ಕೇಳುವುದು ಓದುಗರ ಹಕ್ಕು. ದರವನ್ನು ತಿಳಿಸದ ಸರಾಸರಿಯು ತಾಳೆ ನೋಡದ ಲೆಕ್ಕಪತ್ರದಂತೆ.