ಸೊಂಟದ ಕೀಲಿನೊಳಗೆ ಕ್ಯಾಮೆರಾ: ಹೋಗೋದೇ ದೊಡ್ಡ ಕೆಲಸ

ಮೊಣಕಾಲಿನ ಕೀಹೋಲ್ ಆಪರೇಷನ್ ಬಗ್ಗೆ ನೀವೆಲ್ಲ ಕೇಳಿರ್ತೀರಿ. ಅದೇ ಕ್ಯಾಮೆರಾನ ಸೊಂಟದ ಕೀಲಿಗೂ ಹಾಕಬಹುದಲ್ವಾ? ಹಾಕಬಹುದು, ಆದರೆ ಒಳಗೆ ಹೋಗೋದೇ ಕಷ್ಟ. 1931ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಮೈಕಲ್ ಬರ್ಮನ್ ಶವಗಳ ಮೇಲೆ ಪ್ರಯತ್ನಿಸಿ, ಸೊಂಟದ ಚೆಂಡು ಮತ್ತು ಬಟ್ಟಲಿನ ನಡುವೆ ಸೂಜಿ ತೂರಿಸೋಕೇ ಆಗಲ್ಲ ಅಂತ ಬರೆದಿದ್ದರು.

ಕಾರಣ ಇದೆ. ತೊಡೆಮೂಳೆಯ ಚೆಂಡು ಆಳವಾದ ಬಟ್ಟಲಲ್ಲಿ ಕೂತಿರುತ್ತೆ. ಬಟ್ಟಲಿನ ಅಂಚಿಗೆ ಲೇಬ್ರಮ್ ಅನ್ನೋ ರಿಂಗ್, ಥೇಟ್ ಕುಕ್ಕರ್ ಗ್ಯಾಸ್ಕೆಟ್. ಒಳಗಿನ ನಿರ್ವಾತ ಚೆಂಡನ್ನ ಹೀರಿ ಹಿಡಿದಿರುತ್ತೆ. ಹಾಗಾಗಿ ಅರಿವಳಿಕೆ ಕೊಟ್ಟು, ಪಾದವನ್ನ ಟೇಬಲ್‌ಗೆ ಕಟ್ಟಿ, ಕಾಲನ್ನ ಎಳೀತಾರೆ. ಮೊದಲ ಸೂಜಿಯಿಂದ ಗಾಳಿ ನುಗ್ಗಿದಾಗ ಆ ಹಿಡಿತ ಬಿಡುತ್ತೆ. ಬೇಕಾಗಿರೋ ಗ್ಯಾಪ್ ಸುಮಾರು 1 ಸೆಂಟಿಮೀಟರ್, ಅಷ್ಟೇ.

ಈ ಎಳೆತಕ್ಕೆ ಬಡ್ಡಿ ಇದೆ (ಬಿಕಾಂ ಓದಿದವನ ಭಾಷೆ, ಕ್ಷಮಿಸಿ). ದೇಹ ಜಾರದಿರಲಿ ಅಂತ ಕಾಲುಗಳ ನಡುವೆ ಇಡೋ ಕಂಬ ಅಲ್ಲಿನ ನರವನ್ನ ಒತ್ತಿದರೆ ಜನನಾಂಗದ ಹತ್ತಿರ ಮರಗಟ್ಟಬಹುದು. ಹೆಚ್ಚಿನವರಿಗೆ ಸರಿಹೋಗುತ್ತೆ, ಆದ್ರೂ ಇದನ್ನ ಆಪರೇಷನ್‌ಗೆ ಮೊದಲೇ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೇ ಸರ್ಜನ್‌ಗಳು ಎಳೆತವನ್ನ 2 ಗಂಟೆಯೊಳಗೆ ಮುಗಿಸೋಕೆ ನೋಡ್ತಾರೆ. ಕೆಲವರು ಕಂಬವನ್ನೇ ತೆಗೆದು, ತಲೆ ಕಡೆ ಟೇಬಲ್ ತಗ್ಗಿಸಿ, ಬೆನ್ನ ಕೆಳಗೆ ಜಾರದ ಫೋಮ್ ಹಾಕ್ತಾರೆ.

ಬಟ್ಟಲು ತೀರಾ ಆಳವಾಗಿದ್ರೆ, ಅಂಚಿನ ಮೂಳೆ ಬೆಳೆದಿದ್ರೆ, ಎಷ್ಟು ಎಳೆದ್ರೂ ಗ್ಯಾಪ್ ಬರಲ್ಲ. ಬಲವಂತವಾಗಿ ಸೂಜಿ ಚುಚ್ಚಿದ್ರೆ ಲೇಬ್ರಮ್ ಹರಿಯಬಹುದು, ಕಾರ್ಟಿಲೇಜ್ ಗೀಚಬಹುದು. ಆಗ ಹಿತ್ತಲ ಬಾಗಿಲು! ಎಳೆಯದೆ, ಸೊಂಟ ಸ್ವಲ್ಪ ಮಡಿಸಿ ಕೀಲಿನ ಹೊರಭಾಗಕ್ಕೆ ಕ್ಯಾಮೆರಾ ಇಳಿಸ್ತಾರೆ. ಕಣ್ಣೆದುರೇ ಕೀಲಿನ ಚೀಲ ಬಿಡಿಸಿ, ಬೇಕಾದ್ರೆ ಅಂಚಿನ ಮೂಳೆ ಸವರಿ, ಆಮೇಲೆ ಎಳೀತಾರೆ. ಹೊಲಿಯೋಕೆ ಆಗದಷ್ಟು ಲೇಬ್ರಮ್ ಹಾಳಾಗಿದ್ರೆ ತೊಡೆಯ ಹೊರಬದಿಯ ಗಟ್ಟಿ ಪಟ್ಟಿಯಿಂದ ಒಂದು ತುಂಡು ತೆಗೆದು ಹೊಸ ರಿಂಗ್ ಕಟ್ಟೋದೂ ಉಂಟು.

ಇಷ್ಟೆಲ್ಲಾ ಕೈಚಳಕ ಇದ್ರೂ ಕೆಲವು ಸೊಂಟಗಳಿಗೆ ಇದು ಸರಿಯಾದ ಆಪರೇಷನ್ನೇ ಅಲ್ಲ. ಬಟ್ಟಲು ತೀರಾ ಆಳವಿಲ್ಲದಿದ್ರೆ ಮೂಳೆ ಕತ್ತರಿಸಿ ಬಟ್ಟಲನ್ನೇ ತಿರುಗಿಸಬೇಕಾಗಬಹುದು. ಕೀಲು ಸವೆದು ಎಕ್ಸ್‌ರೇಯಲ್ಲಿ 2 ಮಿಲಿಮೀಟರ್‌ಗಿಂತ ಕಮ್ಮಿ ಗ್ಯಾಪ್ ಇದ್ರೆ, ಕೀಹೋಲ್ ಆದ್ಮೇಲೂ ಕೀಲು ಬದಲಿಸೋ ಸಾಧ್ಯತೆ ಜಾಸ್ತಿ. ಟೆನಿಸ್‌ನ ಆಂಡಿ ಮರ್ರೆ 2018ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಸೊಂಟದ ಆಪರೇಷನ್ ಮಾಡಿಸಿಕೊಂಡ್ರು. ನೋವು ಹೋಗಲಿಲ್ಲ. ಮುಂದಿನ ಜನವರಿಗೆ ಲಂಡನ್‌ನಲ್ಲಿ ಚೆಂಡಿಗೆ ಲೋಹದ ಟೋಪಿ ಹಾಕಿಸಿಕೊಂಡು, ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್ ಟೂರ್ನಿ ಗೆದ್ದರು.

ನಿಮಗೆ ಕುಕ್ಕರಗಾಲಲ್ಲಿ ಕೂತಾಗ ತೊಡೆಸಂದಿಯಲ್ಲಿ ನೋವು ಬಂದು, ಡಾಕ್ಟರ್ ಕೀಹೋಲ್ ಅಂದ್ರೆ ಮೊದಲು ಕೇಳಿ: ನನ್ನ ಗ್ಯಾಪ್ ಎಷ್ಟಿದೆ, ಬಟ್ಟಲಿನ ಆಳ ಹೇಗಿದೆ?