ತಂತ್ರ ಅಂದರೆ ಮಾಟವೇ? ‘112 ರಹಸ್ಯ ಧ್ಯಾನ’ಗಳ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

‘ಶಿವ ಪಾರ್ವತಿಗೆ 5000 ವರ್ಷದ ಹಿಂದೆ ಹೇಳಿದ 112 ರಹಸ್ಯ ಧ್ಯಾನಗಳು, ಮಾಡಿದರೆ ಬಿಪಿ, ಖಿನ್ನತೆ ಎಲ್ಲಾ ಮಾಯ’ ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇನ್ನೊಂದು ಕಡೆ, ತಂತ್ರ ಎಂದರೆ ನಿಂಬೆಹಣ್ಣು, ಬೊಂಬೆ, ಮಾಟ ಎಂದು ಹೆದರಿಸುವ ವಿಡಿಯೋಗಳು.

112 ಎಂಬ ಸಂಖ್ಯೆ ನಿಜ. ಅವು ಇರುವುದು ‘ವಿಜ್ಞಾನಭೈರವ’ ಎಂಬ ಸಂಸ್ಕೃತ ಗ್ರಂಥದಲ್ಲಿ. ಅದು ಭೈರವ ಮತ್ತು ದೇವಿಯ ಸಂಭಾಷಣೆ. ಆದರೆ ವಿದ್ವಾಂಸರು ಅದನ್ನು ಸುಮಾರು 9ನೇ ಶತಮಾನದ್ದು ಎನ್ನುತ್ತಾರೆ. ರಹಸ್ಯವೂ ಅಲ್ಲ, 1918ರಲ್ಲೇ ಅಚ್ಚಾಗಿದೆ!

ಕಾಶ್ಮೀರದ ಅದ್ವೈತ ಶೈವರು ತಮ್ಮದೆಂದು ಗೌರವಿಸಿದ ಗ್ರಂಥ ಇದು. ‘ತಂತ್ರಾಲೋಕ’ ಬರೆದ ಅಭಿನವಗುಪ್ತ ಆ ಪರಂಪರೆಯ ದೊಡ್ಡ ಹೆಸರು. ಕನ್ನಡ ಎಂ.ಎ. ಓದಿದವರು ರಸಸಿದ್ಧಾಂತದ ಪಾಠದಲ್ಲಿ ಕೇಳಿರುವ ಅಭಿನವಗುಪ್ತ ಇವರೇ. ಶಂಕರರ ಅದ್ವೈತದಂತೆ ಇವರೂ ‘ಎರಡಿಲ್ಲ’ ಎನ್ನುತ್ತಾರೆ. ಆದರೆ ಅಲ್ಲಿ ಜಗತ್ತು ಮಿಥ್ಯೆ. ಇಲ್ಲಿ ಕಾಣುವುದೆಲ್ಲ ಒಂದೇ ಚೈತನ್ಯದ ನಿಜವಾದ ಸ್ಪಂದನ, ನಿಮ್ಮ ಊಟ, ಹಾಡು, ಸಿಟ್ಟು ಕೂಡ.

ಹಾಗಾಗಿಯೇ ಧ್ಯಾನಗಳೂ ವಿಚಿತ್ರ. ಉಸಿರು ಒಳಹೋಗಿ ಹೊರತಿರುಗುವ ಕ್ಷಣ, ರುಚಿಯ ಸಂತೋಷ, ಬಹಳ ದಿನದ ಮೇಲೆ ನೆಂಟರನ್ನು ಕಂಡ ಖುಷಿ, ಸೀನು ಬರುವ ಹೊತ್ತು (ಹೌದು, ಸೀನು!), ಎರಡು ಯೋಚನೆಗಳ ನಡುವಿನ ಸಂದು. ಅಲ್ಲೆಲ್ಲ ಗಮನ ನಿಲ್ಲಿಸು ಎನ್ನುತ್ತದೆ ಗ್ರಂಥ. ಸಿಟ್ಟು ಬಂದರೆ ಅದುಮುವ ಬದಲು, ಬುದ್ಧಿಯನ್ನು ಅಲುಗಿಸದೆ ನೋಡಬೇಕು. ಫೋನ್ ‘ಟಿಂಗ್’ ಎಂದಾಗ ಕೈ ಹೋಗುವ ಮುಂಚಿನ ಅರೆಕ್ಷಣದಲ್ಲೂ ಇದನ್ನು ಮಾಡಬಹುದು ಎಂದು ನನಗನ್ನಿಸುತ್ತದೆ. ಕಾಡಿಗೆ ಹೋಗಬೇಕಿಲ್ಲ.

ಸ್ಮಶಾನ ಸಾಧನೆ, ಮದ್ಯ-ಮಾಂಸದ ಆಚರಣೆಗಳು ಕೆಲವು ತಾಂತ್ರಿಕ ಪಂಥಗಳಲ್ಲಿ ಇದ್ದದ್ದು ನಿಜ. ಅಷ್ಟರಿಂದಲೇ ‘ತಂತ್ರವೆಲ್ಲ ಮಾಟ’ ಎನ್ನಲಾಗದು.

ಇನ್ನು ಕಾಯಿಲೆಯ ಮಾತು. ನಿಧಾನವಾದ ಉಸಿರಾಟದಿಂದ ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ‘ಸ್ವಲ್ಪ’ ಎಂಬುದನ್ನು ಗಮನಿಸಿ. ಅದು ಬಿಪಿ ಮಾತ್ರೆಗೆ ಬದಲಿಯಲ್ಲ. ಖಿನ್ನತೆಯ ಔಷಧವನ್ನು ಥಟ್ಟನೆ ನಿಲ್ಲಿಸಿದರಂತೂ ತಲೆಸುತ್ತು, ನಿದ್ರೆಗೇಡು, ಕಾಯಿಲೆ ಮರುಕಳಿಸುವ ಅಪಾಯ ಇದೆ. ಆ ಗ್ರಂಥ ತೋರಿಸುವುದು ಬಿಡುಗಡೆಯ ದಾರಿಯನ್ನು, ಚಿಕಿತ್ಸೆಯನ್ನಲ್ಲ.

ಫಾರ್ವರ್ಡ್ ನಂಬಿ ಮಾತ್ರೆ ಬಿಟ್ಟವರು ನಿಮ್ಮ ಮನೆಯಲ್ಲಿದ್ದರೆ ವೈದ್ಯರಿಗೆ ತಿಳಿಸಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಇದೆ. ದಿನದ 24 ಗಂಟೆಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.